ಮೂಲಪ್ರತಿಯ ಮಹಿಮೆ

ಓಲೆಗರಿಯ ಕಾಲದಲ್ಲಿ ಗ್ರಂಥವೊಂದು ಹುಳುವಿಗೆ ಆಹಾರವಾದರೆ ಬೇರೊಂದು ಪ್ರತಿಯನ್ನು ನೋಡಿ ಅದನ್ನು ಮತ್ತೆ ಬರೆದುಕೊಳ್ಳುತ್ತಿದ್ದರು. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಅಲ್ಲಿನ ತಿರುಳ್ಗನ್ನಡದಲ್ಲಿ ಪಂಪಕವಿಯು 941ರ ಸುಮಾರಿಗೆ ರಚಿಸಿದ ಭಾರತವು ನಮ್ಮ ಕೈಸೇರಿರುವುದು ಅವನ ಹಸ್ತಾಕ್ಷರದಿಂದಲ್ಲ. ಪ್ರತಿಯಿಂದ ಪ್ರತಿಯನ್ನು ತೆಗೆದ ಲಿಪಿಕಾರರ ಶ್ರಮದಿಂದ. ಈ ಪುರಾತನ ನ್ಯಾಯವು ಗಣಕಯಂತ್ರಕ್ಕೂ ಸಲ್ಲುವುದೆಂಬುದನ್ನು ಇತ್ತೀಚೆಗೆ ಕಣ್ಣಾರೆ ಕಂಡೆನು.

ಶಿರಹಟ್ಟಿಯಲ್ಲಿರುವ ನನ್ನ ತಂಗಿಯ ಮಗಳ ಲ್ಯಾಪ್‌ಟಾಪು ಹೊಸ ಕಾರ್ಯವ್ಯವಸ್ಥೆಯನ್ನು ಅಳವಡಿಸಿಕೊಳ್ಳುತ್ತಿದ್ದಾಗ, ಕೆಲಸವು ಅರ್ಧದಲ್ಲಿಯೇ ನಿಂತು ಪರದೆಯು ಕಪ್ಪಾಯಿತು. ಯಂತ್ರವು ಹೋದರೆ ಹೋಗಲಿ. ಅದರೊಳಗೆ ತೀರಿಹೋದ ಅವಳ ಅತ್ತೆಯವರು ಹಾಡಿದ ಬೀಸುವ ಪದಗಳಿದ್ದವು. ಕೆಲವನ್ನು ಮುಂಡರಗಿಯ ನಾದಿನಿಗೆ ಕಳುಹಿಸಿದ್ದಳು. ಉಳಿದವುಗಳಿಗೆ ಬೇರೆ ಪ್ರತಿಯಿರಲಿಲ್ಲ. "ಮಾಮಾ, ಅತ್ತಿ ಧ್ವನಿ ಉಳೀತದೇನು?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಬೆಟಗೇರಿಯಲ್ಲಿ ಇಂಥ ಯಂತ್ರಗಳನ್ನು ದುರಸ್ತಿಮಾಡುವ ತರುಣನೊಬ್ಬನು ನನ್ನ ಹಳೆಯ ವಿದ್ಯಾರ್ಥಿ. ಅದು ಆಪಲ್ ಚಿಪ್ಪುಳ್ಳ ಮ್ಯಾಕ್. ಈ ಬಗೆಯವು 2020ರ ನವೆಂಬರಿನಿಂದ ಪೇಟೆಗೆ ಬಂದಿವೆ. ಯಂತ್ರವನ್ನು ಎಚ್ಚರಿಸುವ ಮೂಲಬೋಧೆಗೆ ಫರ್ಮ್‌ವೇರ್ ಎಂದು ಹೆಸರು. ಅದು ಕೆಟ್ಟರೆ ಯಂತ್ರವು ತಾನಾಗಿ ಏಳಲಾರದು. ಇನ್ನೊಂದು ಮ್ಯಾಕನ್ನು ಯುಎಸ್‌ಬಿ-ಸಿ ತಂತಿಯಿಂದ ಜೋಡಿಸಿ ಎಬ್ಬಿಸಬೇಕು. ಎಡದ ಕಂಟ್ರೋಲ್, ಎಡದ ಆಪ್ಷನ್, ಬಲದ ಶಿಫ್ಟ್ ಎಂಬ ಮೂರು ಕೀಲಿಗಳನ್ನು ಪವರ್ ಗುಂಡಿಯೊಡನೆ ಹತ್ತು ಸೆಕೆಂಡು ಒತ್ತಿಹಿಡಿದು, ಬಳಿಕ ಮೂರನ್ನು ಬಿಟ್ಟು ಪವರ್ ಗುಂಡಿಯೊಂದನ್ನೇ ಹಿಡಿದಿರಬೇಕು. ತಯಾರಕರಿಂದ ಇಳಿಸಿಕೊಳ್ಳುವ ಐಪಿಎಸ್‌ಡಬ್ಲ್ಯೂ ಎಂಬ ಕಡತವು ಹತ್ತು ಜಿಬಿಗೂ ಮಿಕ್ಕಿದ್ದು.

ಅಷ್ಟು ದೊಡ್ಡ ಕಡತದಲ್ಲಿ ಅಕ್ಷರವೊಂದು ತಪ್ಪಿದರೆ ಗತಿಯೇನು? ವೇದಪಾಠಿಗಳು ಒಂದೇ ಮಂತ್ರವನ್ನು ಪದ, ಕ್ರಮ, ಘನ ಎಂದು ಹಿಂದುಮುಂದಾಗಿ ಹೇಳುತ್ತಾರಷ್ಟೆ. ಎಲ್ಲಿ ಸ್ಖಲಿಸಿದರೂ ತಿಳಿದುಬಿಡುವುದು. ಇಲ್ಲಿಯೂ ಕಡತದಿಂದ ಗಣಿತಕ್ರಮದಲ್ಲಿ ಒಂದು ಚಿಕ್ಕ ಸಾರಾಂಕವನ್ನು ತೆಗೆಯುವರು. ಒಂದಂಶ ಬದಲಾದರೂ ಅದು ಪೂರ್ತಿ ಬದಲಾಗುವುದು. ತಯಾರಕರ ಸಹಿಯೊಡನೆ ಅದು ಹೊಂದದಿದ್ದರೆ ಯಂತ್ರವು ಆ ಕಡತವನ್ನು ಸ್ವೀಕರಿಸುವುದಿಲ್ಲ.

ಮಾರ್ಗಗಳು ಎರಡು. ರಿವೈವ್ ಎಂಬುದು ಮೂಲಬೋಧೆಯನ್ನು ಮಾತ್ರ ಹೊಸದಾಗಿಸಿ ಮನೆಯೊಳಗಿನ ಸಾಮಾನನ್ನು ಮುಟ್ಟದು. ರಿಸ್ಟೋರ್ ಎಂಬುದು ಮನೆಯನ್ನೇ ಬರಿದುಮಾಡುವುದು. ಒಳಗಿನ ಗುಪ್ತಲಿಪಿಯ ಕೀಲಿಯೂ ಅಳಿಯುವುದರಿಂದ ಹೋದದ್ದನ್ನು ಆಮೇಲೆ ಯಾರೂ ಓದಲಾರರು. "ಮಾಸ್ತರ್ರ, ಮೊದಲ ರಿವೈವ್ ಮಾಡಿ ನೋಡೂಣ್ರಿ, ಇನ್ನೊಂದು ಕಡೀ ಮಾತು" ಎಂದನು ತರುಣ. ಎರಡು ಸಲ ಪ್ರಯತ್ನಿಸಿದೆವು. ಎರಡು ಸಲವೂ ವ್ಯರ್ಥವಾಯಿತು. ಹುಡುಗಿಯು ನಾಲ್ಕು ದಿನ ಯೋಚಿಸಿ, ಕೊನೆಗೆ ತಾನೇ ಬಂದು "ಮಾಡಿಬಿಡ್ರಿ" ಎಂದಳು. ಯಂತ್ರವು ಹೊಸದರಂತೆ ಎದ್ದಿತು. ಹಾಡುಗಳು ಮಾತ್ರ ಇರಲಿಲ್ಲ. ಮುಂಡರಗಿಯಿಂದ ಹನ್ನೊಂದು ಪದಗಳು ಮರಳಿ ಬಂದವು.

ವಾಚಕರು ಇಲ್ಲಿಯ ತಾರತಮ್ಯವನ್ನು ಗಮನಿಸಬೇಕು. ಕಾರ್ಖಾನೆಯು ಮಾಡಿದ ವಸ್ತುವಿನ ಮೂಲಪ್ರತಿ ಕಾರ್ಖಾನೆಯಲ್ಲಿದೆ. ಅದನ್ನು ಬೇಕಾದಾಗ ತರಿಸಿಕೊಳ್ಳಬಹುದು. ಮನೆಯು ಮಾಡಿದ ವಸ್ತುವಿಗೆ, ಹಿರಿಯರ ಧ್ವನಿಗೆ, ಮಕ್ಕಳ ಚಿತ್ರಕ್ಕೆ, ಮನೆಯೇ ಕಾರ್ಖಾನೆ. ಆದಕಾರಣ ಅಂಥವುಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಯೂ ಇನ್ನೊಂದನ್ನು ಬೇರೆ ಊರಿನ ನಂಟರ ಮನೆಯಲ್ಲಿಯೂ ಇರಿಸುವುದು ಗೃಹಸ್ಥರಿಗೆ ಕ್ಷೇಮಕರ. ವರ್ಷಕ್ಕೊಮ್ಮೆ ತೆರೆದು ನೋಡುವುದನ್ನೂ ಮರೆಯಬಾರದು; ಬಿಚ್ಚದ ಓಲೆಕಟ್ಟಿಗೇ ಗೆದ್ದಲು ಮೊದಲು ಹತ್ತುವುದು.