ಮರಳಿ ಕಟ್ಟಿದ ಪೇಟೆಯಲ್ಲಿ



ಹಳೆಯ ಕಟ್ಟಡವೊಂದನ್ನು ಕೆಡವಲು ಎಷ್ಟು ದಿನ ಬೇಕು? ನೂರು ವರ್ಷ ದಾಟಿದ್ದ ಒಂದು ದೇವಾಲಯವನ್ನು ಕೆಡವಿಸಲು ನನಗೆ ಬೇಕಾದದ್ದು ಕೇವಲ ಒಂಬತ್ತು ದಿನ. ಮರೆತೇ ಹೋಗಿದ್ದ ಈ ಲೆಕ್ಕ ನನಗೆ ಮತ್ತೆ ನೆನಪಾದದ್ದು ಸಾವಿರಾರು ಮೈಲಿ ದೂರದ ಜರ್ಮನಿಯಲ್ಲಿ, ಹಿಲ್ಡೆಸ್‌ಹೈಮ್ ಎಂಬ ಊರಿನ ಮಾರುಕಟ್ಟೆಯ ಚೌಕದಲ್ಲಿ.

ಬೇಸಿಗೆಯಲ್ಲಿ ಅಲ್ಲಿನ ಗುರುಗಳು ರಜೆಯ ಮೇಲೆ ತೆರಳಿದಾಗ ಅವರ ಧರ್ಮಕೇಂದ್ರಗಳನ್ನು ನೋಡಿಕೊಳ್ಳಲು ನಮ್ಮ ದೇಶದ ಗುರುಗಳು ಹೋಗುವುದುಂಟು. 2023ರ ಆಗಸ್ಟ್ ತಿಂಗಳಲ್ಲಿ ನಾನೂ ಹಾಗೆ ಹೋಗಿದ್ದೆ. ಬಿಡುವಿದ್ದ ಒಂದು ದಿನ, ನಾನಿದ್ದ ಧರ್ಮಕೇಂದ್ರದ ಹಿರಿಯರೊಬ್ಬರು ನನ್ನನ್ನು ಹ್ಯಾನೋವರ್ ನಗರಕ್ಕೆ ಸಮೀಪದ ಈ ಊರಿಗೆ ಕರೆದುಕೊಂಡು ಹೋದರು.

ಚೌಕದ ಸುತ್ತ ಸಾಲು ಸಾಲು ಮನೆಗಳು. ಮರದ ತೊಲೆಗಳ ಚೌಕಟ್ಟು, ನಡುವೆ ಗೋಡೆ, ತೊಲೆಗಳ ಮೇಲೆ ಬಣ್ಣ ಹಚ್ಚಿದ ಕೆತ್ತನೆ. ಎಲ್ಲಕ್ಕಿಂತ ಎತ್ತರವಾಗಿ, ಪ್ರತಿಯೊಂದು ಅಂತಸ್ತೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಚಾಚಿಕೊಂಡು ನಿಂತಿರುವುದು ಮಾಂಸದ ವ್ಯಾಪಾರಿಗಳ ಸಂಘದ ಭವನ. ಅದನ್ನು ಮೊದಲು ಕಟ್ಟಿದ್ದು 1529ರಲ್ಲಿ ಎಂದು ಓದಿದ್ದೆ. “ಐನೂರು ವರ್ಷಗಳಾಗುತ್ತ ಬಂದರೂ ಎಷ್ಟು ಗಟ್ಟಿಯಾಗಿದೆ!” ಎಂದು ಉದ್ಗರಿಸಿದೆ. ಹಿರಿಯರು ನಕ್ಕರು. “ಫಾದರ್, ಈ ಮನೆ ನಿಮಗಿಂತ ಚಿಕ್ಕದು” ಎಂದರು.

ನಿಜ. 1945ರ ಮಾರ್ಚ್ 22ರ ಮಧ್ಯಾಹ್ನ ಬ್ರಿಟಿಷ್ ಮತ್ತು ಕೆನಡಾದ ವಿಮಾನಗಳು ಈ ಊರಿನ ಮೇಲೆ ಬಾಂಬುಗಳ ಮಳೆ ಸುರಿಸಿದವು. ಯೂರೋಪಿನಲ್ಲಿ ಯುದ್ಧ ಮುಗಿಯಲು ಇನ್ನು ಏಳು ವಾರಗಳೂ ಇರಲಿಲ್ಲ. ಮರದ ಮನೆಗಳ ಆ ಪೇಟೆ ಸೌದೆಯಂತೆ ಉರಿದು ಬೂದಿಯಾಯಿತು. ಯುದ್ಧಾನಂತರ ತಲೆಯ ಮೇಲೊಂದು ಸೂರು ಬೇಕಾಗಿತ್ತು. ಸೊಬಗಿನ ಮಾತು ಆಮೇಲಿನದು. 1960ರ ದಶಕದಲ್ಲಿ ಸಂಘದ ಭವನವಿದ್ದ ಜಾಗದಲ್ಲಿ ಹೊಸ ಮಾದರಿಯ ಹೋಟೆಲೊಂದು ಎದ್ದು ನಿಂತಿತು. ಜನ ಅದಕ್ಕೆ ಒಗ್ಗಿಕೊಳ್ಳಲಿಲ್ಲ. ಎರಡು ದಶಕಗಳ ಬಳಿಕ ಹೋಟೆಲನ್ನು ಕೆಡವಿ, ಹಳೆಯ ನಕ್ಷೆ ಮತ್ತು ಛಾಯಾಚಿತ್ರಗಳ ಆಧಾರದಿಂದ, ಓಕ್ ಮರದ ತೊಲೆಗಳನ್ನು ಮರದ ಬೆಣೆಗಳಿಂದಲೇ ಬೆಸೆದು, 1989ರ ಹೊತ್ತಿಗೆ ಆ ಭವನವನ್ನು ಮರಳಿ ಕಟ್ಟಿದರು. ಸುತ್ತಲ ಮನೆಗಳೂ ಒಂದೊಂದಾಗಿ ಮರಳಿದವು. ಕೆಲವಕ್ಕೆ ಹಳೆಯದೆಂದರೆ ಮುಖ ಮಾತ್ರ. ಅದರ ಹಿಂದಿರುವುದು ಇಂದಿನ ಕಚೇರಿ, ಇಂದಿನ ಗೋಡೆ.

ನನ್ನ ಮನಸ್ಸಿನಲ್ಲಿ ಒಂದು ತಕರಾರು ಎದ್ದಿತು. ಇದು ನಾಟಕದ ಪರದೆಯಲ್ಲವೇ? ಸತ್ತದ್ದನ್ನು ಸತ್ತಿಲ್ಲವೆಂದು ತೋರಿಸುವುದು ಒಂದು ಬಗೆಯ ಸುಳ್ಳಲ್ಲವೇ? ಹಿರಿಯರನ್ನು ಕೇಳಿಯೇಬಿಟ್ಟೆ. ಅವರು ಉತ್ತರಿಸಲಿಲ್ಲ. “ಇನ್ನೊಂದು ಜಾಗ ನೋಡೋಣ ಬನ್ನಿ” ಎಂದು ಲ್ಯಾಪೆನ್‌ಬೆರ್ಗ್ ಎಂಬ ಬೀದಿಗೆ ನಡೆಸಿಕೊಂಡು ಹೋದರು.

ಅಲ್ಲಿ ಯಹೂದ್ಯರ ಪ್ರಾರ್ಥನಾಮಂದಿರವಿತ್ತು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಅಂಥ ಮಂದಿರಗಳಿಗೆ ಬೆಂಕಿ ಬಿದ್ದಾಗ ಇದೂ ಸುಟ್ಟುಹೋಯಿತು. ಅದನ್ನು ಮರಳಿ ಕಟ್ಟಿಲ್ಲ. ತಳಪಾಯದ ಗುರುತಷ್ಟೇ ಇದೆ. ನಡುವೆ 1988ರಲ್ಲಿ ಸ್ಥಾಪಿಸಿದ ಸ್ಮಾರಕವಿದೆ. ಅತ್ತ ಚೌಕದಲ್ಲಿ ಬಡಗಿಗಳು ತೊಲೆ ಏರಿಸುತ್ತಿದ್ದ ದಿನಗಳಲ್ಲೇ ಇತ್ತ ಈ ಸ್ಮಾರಕವನ್ನು ನಿಲ್ಲಿಸಿದ್ದಾರೆ. ಹಿರಿಯರು ಮೆಲ್ಲನೆ ಹೇಳಿದರು: “ನಮ್ಮ ಊರಿಗೆ ಬೆಂಕಿ ಬಿದ್ದದ್ದು 1945ರಲ್ಲಿ ಎಂದು ನಾವು ಹೇಳುತ್ತಿದ್ದೆವು. ಬಿದ್ದದ್ದು 1938ರಲ್ಲಿ. ಅಂದು ಯಾರೂ ಆರಿಸಲಿಲ್ಲ.”

ಆ ಮಾತಿನ ಭಾರ ಹೊತ್ತುಕೊಂಡೇ ಪ್ರಧಾನಾಲಯಕ್ಕೆ ಬಂದೆವು. ಅದೂ ಅದೇ ಮಾರ್ಚ್ 22ರಂದು ನೆಲಕ್ಕುರುಳಿ, 1960ರ ಹೊತ್ತಿಗೆ ಮರಳಿ ಎದ್ದದ್ದು. ಆದರೆ ಅದರ ಕಂಚಿನ ಬಾಗಿಲುಗಳು ಮಾತ್ರ ಅಸಲಿನವು. ಯುದ್ಧಕಾಲದಲ್ಲಿ ಅವನ್ನು ಬಿಚ್ಚಿ ಜೋಪಾನ ಮಾಡಿದ್ದರಿಂದ ಉಳಿದವು. ಧರ್ಮಾಧ್ಯಕ್ಷ ಸಂತ ಬೆರ್ನ್‌ವರ್ಡರು 1015ರಲ್ಲಿ ಮಾಡಿಸಿದ ಬಾಗಿಲುಗಳು ಅವು. ಎಡಗಡೆಯ ಬಾಗಿಲಿನಲ್ಲಿ ಎಂಟು ಚಿತ್ರಗಳು ಮೇಲಿನಿಂದ ಕೆಳಗಿಳಿಯುತ್ತವೆ: ಸೃಷ್ಟಿಯಿಂದ ತೊಡಗಿ, ಕಾಯಿನನು ತಮ್ಮನನ್ನು ಕೊಲ್ಲುವವರೆಗೆ. ಬಲಗಡೆಯ ಎಂಟು ಚಿತ್ರಗಳು ಕೆಳಗಿನಿಂದ ಮೇಲೇರುತ್ತವೆ: ಮರಿಯಮ್ಮನವರಿಗೆ ದೂತರು ಮಂಗಳವಾರ್ತೆ ತಿಳಿಸಿದಲ್ಲಿಂದ, ಪುನರುತ್ಥಾನರಾದ ಪ್ರಭು ಮಗ್ದಲದ ಮರಿಯಳಿಗೆ ಕಾಣಿಸಿಕೊಳ್ಳುವವರೆಗೆ. ಭ್ರಾತೃಹತ್ಯೆಯ ಪಕ್ಕದಲ್ಲೇ ಮಂಗಳವಾರ್ತೆ! ಮನುಷ್ಯನು ಎಲ್ಲಿ ತಳ ಮುಟ್ಟಿದನೋ ಅಲ್ಲಿಂದಲೇ ದೇವರು ಮರಳಿ ಕಟ್ಟಲು ತೊಡಗುತ್ತಾರೆ ಎಂದು ನನಗನ್ನಿಸಿತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಎಡಗಡೆಯ ಇನ್ನೊಂದು ಚಿತ್ರ. ಹಣ್ಣು ತಿಂದಾದ ಮೇಲೆ ದೇವರು ವಿಚಾರಿಸುತ್ತಿದ್ದಾರೆ. ಆದಾಮನು ಹೆಂಡತಿಯ ಕಡೆ ಕೈ ತೋರಿಸುತ್ತಾನೆ. ಆಕೆ ನೆಲದಲ್ಲಿರುವ ಸರ್ಪದ ಕಡೆ ಕೈ ತೋರಿಸುತ್ತಾಳೆ. ಆ ಸಾಲಿನಲ್ಲಿ ನಾನೂ ನಿಂತಿದ್ದೆ.

ಇಪ್ಪತ್ತು ವರ್ಷಗಳ ಹಿಂದೆ ನಾನೊಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ಹೆಂಚಿನ ಮಾಡು, ಸಾಗುವಾನಿಯ ಕಂಬಗಳು, ಊರ ಬಡಗಿಗಳೇ ಕೆತ್ತಿದ ಬಲಿಪೀಠ. ಜನ ಹೆಚ್ಚಾಗಿದ್ದರು, ಹೆಂಚು ಸೋರುತ್ತಿತ್ತು, ಒಂದು ಕಂಬಕ್ಕೆ ಗೆದ್ದಲು ಹಿಡಿದಿತ್ತು. ಹೊಸದನ್ನು ಕಟ್ಟುವುದು ಅಗತ್ಯವೇ ಆಗಿತ್ತು. ಆದರೆ ನನಗೆ ಅವಸರವಿತ್ತು. ಸತ್ಯ ಹೇಳಬೇಕೆಂದರೆ, ಶಿಲಾಫಲಕದಲ್ಲಿ ಹೆಸರು ಕಾಣುವ ಆಸೆಯೂ ಇತ್ತು. ಒಂದು ಫೋಟೋ ತೆಗೆಸಲಿಲ್ಲ, ಒಂದು ಅಳತೆ ಬರೆಸಲಿಲ್ಲ. ಕಂಬಗಳನ್ನು ಹರಾಜು ಹಾಕಿಸಿದೆ. ಆಗ ಊರಿನ ಹಿರಿಯರೊಬ್ಬರು ಬಂದು, “ಸ್ವಾಮಿ, ಹೊಸದು ಬೇಡ ಅಂತ ನಾನು ಹೇಳೋದಿಲ್ಲ. ಈ ಕಂಬಗಳನ್ನ ನಮ್ಮಪ್ಪ ಹೆಗಲ ಮೇಲೆ ಹೊತ್ತು ತಂದದ್ದು. ಒಂದನ್ನಾದರೂ ಉಳಿಸಿಕೊಡಿ” ಎಂದು ಕೇಳಿದರು. ನಾನು ಇಂಜಿನಿಯರರ ಕಡೆ ಕೈ ತೋರಿಸಿದೆ. ಇಂಜಿನಿಯರರು ಸಮಿತಿಯ ಕಡೆ ತೋರಿಸಿದರು. ಆ ತಾತ ಒಡೆದ ಬಾಗಿಲವಾಡದ ಒಂದು ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದರು.

ಪ್ರಧಾನಾಲಯದ ಹಿಂಬದಿಯ ಗೋಡೆಗೆ ಕಾಡುಗುಲಾಬಿಯ ಗಿಡವೊಂದು ಹಬ್ಬಿದೆ. 815ರಲ್ಲಿ ಚಕ್ರವರ್ತಿ ಲೂಯಿಯ ಪರಿವಾರದವರು ಮಾತೆ ಮರಿಯಮ್ಮನವರ ಪವಿತ್ರ ಅವಶೇಷದ ಕರಂಡಕವನ್ನು ಈ ಗಿಡಕ್ಕೆ ತೂಗುಹಾಕಿ ಮರೆತರೆಂದೂ, ಮತ್ತೆ ಅದನ್ನು ಬಿಡಿಸಿಕೊಳ್ಳಲಾಗದೆ ಅಲ್ಲಿಯೇ ದೇವಾಲಯ ಕಟ್ಟಿಸಿದರೆಂದೂ ಐತಿಹ್ಯ. ಬಾಂಬಿನ ಬೆಂಕಿಯಲ್ಲಿ ಗಿಡವೂ ಸುಟ್ಟಿತು. ಆದರೆ ಕಲ್ಲುಮಣ್ಣಿನ ರಾಶಿಯಡಿ ಬೇರು ಜೀವ ಹಿಡಿದಿತ್ತು. ಕೆಲವೇ ವಾರಗಳಲ್ಲಿ 25 ಚಿಗುರುಗಳು ಹೊರಟವಂತೆ. ನಾನು ಹೋದಾಗ ಹೂವಿನ ಕಾಲ ಮುಗಿದು ಎಲೆಗಳಷ್ಟೇ ಇದ್ದವು. ಅಲ್ಲಿ ನಿಂತಾಗ ನನ್ನ ತಕರಾರಿಗೆ ಉತ್ತರ ಸಿಕ್ಕಿತು. ತಾವು ಮಾಡಿದ್ದನ್ನು ಮುಚ್ಚಿಡಲು ಆ ಜನ ಚೌಕವನ್ನು ಕಟ್ಟಿದ್ದರೆ ಅದು ಸುಳ್ಳಾಗುತ್ತಿತ್ತು. ಅವರು ಚೌಕವನ್ನೂ ಕಟ್ಟಿದರು, ಲ್ಯಾಪೆನ್‌ಬೆರ್ಗಿನ ತಳಪಾಯವನ್ನೂ ಬರಿದಾಗಿಯೇ ಉಳಿಸಿಕೊಂಡರು. ಪುನರುತ್ಥಾನರಾದ ಪ್ರಭುವಿನ ದೇಹದಲ್ಲೂ ಗಾಯದ ಗುರುತುಗಳಿದ್ದವು, ಅಲ್ಲವೇ?

ಊರಿಗೆ ಮರಳಿದ ಮೇಲೆ ಆ ಹಳ್ಳಿಗೆ ಹೋದೆ. ತಾತ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಮಗನ ಮುಂದೆ ಕುಳಿತು ತಪ್ಪೊಪ್ಪಿಕೊಂಡೆ. ಅವರು ಒಳಗೆ ಹೋಗಿ ಆ ಮರದ ತುಂಡನ್ನು ತಂದರು; ಮನೆಯ ದೇವರ ಚಿತ್ರದ ಕೆಳಗೆ ಅದನ್ನೇ ಹಲಗೆಯಾಗಿ ಇಟ್ಟುಕೊಂಡಿದ್ದರು. “ತಗೊಂಡು ಹೋಗಿ ಸ್ವಾಮಿ, ಗುಡಿಯಲ್ಲೇ ಇರಲಿ” ಎಂದರು. ನಾನು ಒಪ್ಪಲಿಲ್ಲ. ಅದನ್ನು ಕಾಪಾಡಿದ ಮನೆಯಲ್ಲೇ ಅದು ಇರುವುದು ನ್ಯಾಯವೆನಿಸಿತು.

ವಾಚಕರೇ, ನಿಮ್ಮ ಧರ್ಮಕೇಂದ್ರದಲ್ಲಿಯೂ ಹಳೆಯ ಕಟ್ಟಡ ಕೆಡವುವ ಮಾತು ಬಂದೀತು. ಅಗತ್ಯವಿದ್ದರೆ ಕೆಡವಿರಿ. ಆದರೆ ಮೊದಲು ಅಳತೆ ಬರೆಸಿಡಿ, ಚಿತ್ರ ತೆಗೆಸಿಡಿ, ಕಂಬ ಹೊತ್ತವರ ಮಕ್ಕಳನ್ನು ಕರೆದು ಕೇಳಿರಿ. ನಿಮ್ಮ ಪೆಟ್ಟಿಗೆಗಳಲ್ಲಿ ಹಳೆಯ ದೇವಾಲಯದ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಫೋಟೋ ಇದ್ದರೆ, ನಿಮ್ಮ ಗುರುಗಳಿಗೆ ಒಂದು ಪ್ರತಿ ಕೊಟ್ಟು ಬನ್ನಿ. ಈ ಭಾನುವಾರವೇ ಕೊಡಿ.