ಟಕ್ ಟಕ್ ಅಂದ ವೈಪರು, ಆಗುಂಬೆ ಘಾಟಿ ಮತ್ತು ನಾವು

ನಾವು ಮೂವರು ಸೇರಿ ಕೊಂಡ ಕಾರು ಸೆಕೆಂಡ್ ಹ್ಯಾಂಡ್ ಅಲ್ಲ, ಥರ್ಡ್ ಹ್ಯಾಂಡ್. ವರದಿಗೆ ಹೋಗುವುದಕ್ಕೂ ಅದೇ, ಅಡಿಕೆ ಮಂಡಿಗೂ ಅದೇ, ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ಅದೇ. ಹೋದ ಮಳೆಗಾಲ ಶುರುವಾದಾಗಿನಿಂದ ವೈಪರ್ ಹಾಕಿದರೆ ಡ್ಯಾಶ್‌ಬೋರ್ಡಿನ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬರುತ್ತಿತ್ತು. ಡ್ರೈವರ್ ಕಡೆಯ ವೈಪರು ಗಾಜಿನ ಅಂಚು ದಾಟಿ ಪಕ್ಕದ ಕಂಬಕ್ಕೆ ಬಡಿಯುತ್ತಿತ್ತು. ನಾವು ಏನು ಮಾಡಿದೆವು? ಹೊಸ ಬ್ಲೇಡು ಹಾಕಿಸಿದೆವು. ಸದ್ದು ನಿಲ್ಲಲಿಲ್ಲ. ಹಾಡಿನ ಸೌಂಡು ಜಾಸ್ತಿ ಮಾಡಿಕೊಂಡೆವು.

ಜುಲೈನಲ್ಲಿ ನಮ್ಮಲ್ಲೊಬ್ಬನ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಮತ್ತೆ ತೋರಿಸಲು ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ಬೆಳಿಗ್ಗೆಯೇ ಹೊರಟೆವು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅರ್ಧ ಇಳಿದಿದ್ದೆವೋ ಇಲ್ಲವೋ, ಒಂದು ಸಲ ಟಕ್ ಅಂದದ್ದೇ ಡ್ರೈವರ್ ಮುಂದಿನ ವೈಪರು ಗಾಜಿನ ನಡುವೆಯೇ ನಿಂತುಬಿಟ್ಟಿತು. ಎಡಗಡೆಯದು ಏನೂ ಆಗದವರಂತೆ ಓಡುತ್ತಲೇ ಇತ್ತು. ಆ ಮಳೆ, ಆ ಮಂಜು ನೋಡಿದವರಿಗೆ ಹೇಳಬೇಕಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಗಾಜಿನ ಮೇಲೆ ನೀರು ಬಿಟ್ಟರೆ ಮತ್ತೇನೂ ಕಾಣುತ್ತಿರಲಿಲ್ಲ.

ಗುಡ್ಡದ ಬದಿಗೆ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿದೆವು. ಹಿಂದಿನ ಸೀಟಿನಿಂದ ಅಮ್ಮ ಹೇಳಿದರು: "ಅಲ್ಲ ಮಾರಾಯ್ರಾ, ನನ್ನ ಕಣ್ಣು ತೋರ್ಸಕ್ಕೆ ಹೊರಟವ್ರು ನೀವೇ ಕಣ್ಣು ಕಟ್ಕಂಡು ಗಾಡಿ ಬಿಡ್ತಿದೀರಲ್ಲ!"

ಹಿಂದೆ ಬಂದ ಮಿನಿ ಬಸ್ಸಿನ ಡ್ರೈವರಣ್ಣ ನಿಲ್ಲಿಸಿದರು. ಎರಡು ಬೀಡಿ ಮುರಿದು, ಆ ತಂಬಾಕನ್ನು ಒದ್ದೆ ಗಾಜಿನ ಮೇಲೆ ಉಜ್ಜಿದರು. ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರತೊಡಗಿತು. "ಇದು ಸ್ವಲ್ಪ ಹೊತ್ತಿಗೆ ಮಾತ್ರ. ನನ್ನ ಹಿಂದಿನ ಲೈಟು ನೋಡ್ಕಂಡು ಬನ್ನಿ" ಅಂದರು. ನಡೆಯುವ ವೇಗದಲ್ಲಿ ಸೋಮೇಶ್ವರ ಮುಟ್ಟಿದೆವು. ಅಲ್ಲಿಂದ ಅಮ್ಮ ಮತ್ತು ಮಗ ಬಸ್ಸು ಹತ್ತಿದರು. ಉಳಿದ ಇಬ್ಬರು ಹೆಬ್ರಿಯ ಒಂದು ಗ್ಯಾರೇಜಿನಲ್ಲಿ ಕೂತೆವು.

ಮೋಟಾರು ಸುಟ್ಟಿದೆ, ದೊಡ್ಡ ಖರ್ಚು ಬಂತು ಎಂದೇ ನಾವು ಅಂದುಕೊಂಡಿದ್ದೆವು. ಅಲ್ಲಿನ ಹಿರಿಯ ಮೆಕ್ಯಾನಿಕ್ ನಕ್ಕರು. "ಎರಡು ವೈಪರಿಗೂ ಇರೋದು ಒಂದೇ ಮೋಟಾರು. ಒಂದು ಓಡ್ತಾ ಇದೆ ಅಂದ್ಮೇಲೆ ಮೋಟಾರು ಹೇಗೆ ಹೋಗುತ್ತೆ?" ಪ್ರಶ್ನೆ ಕೇಳುವುದೇ ನಮ್ಮ ಕಸುಬು. ಇಷ್ಟು ಸಣ್ಣ ಪ್ರಶ್ನೆ ಹೊಳೆದಿರಲಿಲ್ಲ.

ಅವರು ಹೇಳಿದ್ದನ್ನು ನಮಗೆ ತಿಳಿದಂತೆ ಹೇಳುತ್ತೇವೆ. ಹೊಲಿಗೆ ಮಿಷನ್ನಿನಲ್ಲಿ ಕಾಲಿನ ಪೆಡಲು ಹಿಂದೆ ಮುಂದೆ ಆಡಿ ಚಕ್ರ ತಿರುಗುತ್ತದಲ್ಲ, ವೈಪರಿನದು ಅದರ ಉಲ್ಟಾ. ಮೋಟಾರು ಗರಗರ ತಿರುಗುತ್ತದೆ. ಅದಕ್ಕೆ ಸಿಕ್ಕಿಸಿದ ಕಬ್ಬಿಣದ ರಾಡುಗಳು ಆ ತಿರುಗುವಿಕೆಯನ್ನು ಆಚೆ ಈಚೆ ಆಡುವ ಚಲನೆಯಾಗಿ ಮಾಡಿ ವೈಪರಿನ ಬುಡಕ್ಕೆ ಮುಟ್ಟಿಸುತ್ತವೆ. ಈ ರಾಡುಗಳ ಜೋಡಣೆಗೇ ಲಿಂಕೇಜ್ ಅನ್ನುವುದು. ರಾಡು ಸೇರುವ ಕಡೆ ನಮ್ಮ ಭುಜದ ಕೀಲಿನಂತೆ ಒಂದು ಗುಂಡು, ಅದನ್ನು ಹಿಡಿದುಕೊಳ್ಳಲು ಪ್ಲಾಸ್ಟಿಕ್ಕಿನ ಬುಷ್ ಇರುತ್ತದೆ. ಗ್ರೀಸು ತೊಳೆದುಹೋದರೆ ಬುಷ್ ಸವೆಯುತ್ತದೆ. ಸವೆದರೆ ಸಡಿಲ, ಸಡಿಲವಾದರೆ ಟಕ್ ಟಕ್. ಕೊನೆಗೆ ಒಂದು ದಿನ ರಾಡು ಕಳಚಿ ಬೀಳುತ್ತದೆ.

ವೈಪರ್ ಹಾಕಿದಾಗ ಮೋಟಾರಿನ ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್ ನೋಡಬೇಕು, ಆಮೇಲೆ ಸ್ವಿಚ್ಚು, ಮೋಟಾರು. ಸದ್ದು ಇದೆ, ವೈಪರು ಆಡುತ್ತಿಲ್ಲ ಅಂದರೆ ವೈಪರಿನ ಬುಡದ ನಟ್ಟು ಸಡಿಲವಾಗಿರಬಹುದು, ಇಲ್ಲವೇ ರಾಡು ಕಳಚಿರಬಹುದು, ಅಪರೂಪಕ್ಕೆ ಮೋಟಾರಿನ ಒಳಗಿನ ಹಲ್ಲು ಸವೆದಿರಬಹುದು. ಕಳಚುವ ಮೊದಲೇ ಗೊತ್ತಾಗಬೇಕಾದರೆ ಕೀ ತೆಗೆದು, ವೈಪರಿನ ತೋಳನ್ನು ಬುಡದ ಹತ್ತಿರ ಹಿಡಿದು ಮೆಲ್ಲಗೆ ಆಡಿಸಿ ನೋಡಿ. ಒಂಚೂರು ಆಡುವುದು ಸಹಜ. ನಮ್ಮದರ ತುದಿ ನಾಲ್ಕು ಬೆರಳಿನಷ್ಟು ಆಡುತ್ತಿತ್ತು. ಬ್ಲೇಡು ಬದಲಿಸಿದ ದಿನ ಅದನ್ನು ಕೈಯಲ್ಲಿ ಹಿಡಿದವರೂ ನಾವೇ!

ಹೆಬ್ರಿಯಲ್ಲಿ ಅವರು ರಾಡನ್ನು ಗುಂಡಿಗೆ ಒತ್ತಿ ಕೂರಿಸಿ, ತಂತಿ ಸುತ್ತಿ ಕೊಟ್ಟರು. "ಇದು ಮನೆ ಮುಟ್ಟೋಕೆ ಮಾತ್ರ" ಅಂದರು. ಅಮ್ಮ ಸಂಜೆ ಬಸ್ಸಿನಲ್ಲೇ ವಾಪಸು ಬಂದರು, ಅವರನ್ನು ಕೂರಿಸಿಕೊಳ್ಳುವ ಧೈರ್ಯ ನಮಗೂ ಇರಲಿಲ್ಲ.

ಬರೀ ಬುಷ್ ಹಾಕಿದರೆ ಸಾಲದೇ ಎಂದು ಕೇಳಿದ್ದೆವು. ಗುಂಡೂ ಒಂದು ಕಡೆ ಸವೆದಿತ್ತು, ವೈಪರಿನ ಶಾಫ್ಟಿನಲ್ಲೂ ಆಟ ಇತ್ತು. ಹೊಸ ಬುಷ್ ಹೆಚ್ಚು ದಿನ ನಿಲ್ಲುವುದಿಲ್ಲ ಅಂದರು. ಹಾಗಾಗಿ ಇಡೀ ಲಿಂಕೇಜನ್ನೇ ತರಿಸಿ, ಒಂದು ಭಾನುವಾರ ಮನೆಯಂಗಳದಲ್ಲಿ ನಾವೇ ಹಾಕಲು ಕೂತೆವು. ವೈಪರನ್ನು ಒಮ್ಮೆ ಓಡಿಸಿ ಸ್ವಿಚ್ಚಿನಿಂದಲೇ ನಿಲ್ಲಿಸಿದೆವು, ಅದು ತನ್ನ ಜಾಗಕ್ಕೆ ಬಂದು ಮಲಗಲಿ ಅಂತ. ಬ್ಲೇಡು ಮಲಗಿದ ಜಾಗಕ್ಕೆ ಗಾಜಿನ ಮೇಲೆ ಟೇಪು ಅಂಟಿಸಿದೆವು. ಬ್ಯಾಟರಿಯ ನೆಗೆಟಿವ್ ವಯರು ಬಿಚ್ಚಿದೆವು. ಇದನ್ನು ಮರೆಯಲೇಬೇಡಿ, ಆ ರಾಡುಗಳ ನಡುವೆ ಬೆರಳಿದ್ದಾಗ ಮೋಟಾರು ತಿರುಗಿದರೆ ಬೆರಳು ಉಳಿಯುವುದು ಕಷ್ಟ. ಗಾಜಿನ ಮೇಲೆ ದಪ್ಪ ಟವೆಲು ಹಾಸಿದೆವು. ತೋಳಿಗೆ ಸ್ಪ್ರಿಂಗು ಇದೆ, ಕೈಜಾರಿ ಬಡಿದರೆ ಗಾಜು ಒಡೆಯುತ್ತದೆ.

ನಟ್ಟು ಬಿಚ್ಚಿದರೂ ತೋಳು ಏಳಲಿಲ್ಲ, ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು, ಚಹಾ ಕುಡಿದು ಬಂದು, ಅತ್ತಿತ್ತ ಅಲ್ಲಾಡಿಸಿದ ಮೇಲೆ ಬಂತು. ಗಾಜಿನ ಬುಡದ ಪ್ಲಾಸ್ಟಿಕ್ ಪಟ್ಟಿಯ ಎರಡು ಕ್ಲಿಪ್ಪು ಮುರಿದವು. ಪಟ್ಟಿ ತೆಗೆದರೆ ಒಳಗೆ ಹಲಸಿನ ಎಲೆಯ ಗೊಬ್ಬರ! ಕಾರು ನಿಲ್ಲಿಸುವುದು ಹಲಸಿನ ಮರದ ಕೆಳಗೆ. ನೀರು ಹೋಗುವ ತೂತು ಕಟ್ಟಿಕೊಂಡು ಲಿಂಕೇಜು ಮಳೆಗಾಲವಿಡೀ ನೀರಿನಲ್ಲೇ ನೆನೆದಿತ್ತು. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ನೋಡುತ್ತಿದ್ದರು. "ನಮ್ಮಪ್ಪ ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕ್ದೆ ಅಂಗಳ ದಾಟ್ತಿರ್ಲಿಲ್ಲ" ಅಂದರು. ನಾವು ಉತ್ತರ ಕೊಡಲಿಲ್ಲ.

ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, ಗುಂಡುಗಳಿಗೆ ಗ್ರೀಸು ಹಚ್ಚಿದೆವು. ತೋಳು ಹಾಕುವ ಮೊದಲು ಬ್ಯಾಟರಿ ಕೊಟ್ಟು ಮೋಟಾರನ್ನು ಒಮ್ಮೆ ಓಡಿಸಿ ನಿಲ್ಲಿಸಬೇಕು, ಆಮೇಲೆ ಟೇಪಿನ ಗುರುತಿಗೆ ತೋಳು ಕೂರಿಸಬೇಕು. ನಾವು ಅವಸರ ಮಾಡಿದೆವು. ಗಾಜಿಗೆ ನೀರು ಚಿಮುಕಿಸಿ ಓಡಿಸಿದರೆ ವೈಪರು ಮತ್ತೆ ಕಂಬಕ್ಕೆ ಬಡಿಯಿತು. ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಹಾಕಿದಾಗ ಸರಿಹೋಯಿತು. ಕತ್ತಲಾಗಿತ್ತು.

ಮುಂದಿನ ತಪಾಸಣೆಗೆ ಅಮ್ಮನನ್ನು ಅದೇ ಕಾರಿನಲ್ಲಿ ಕರೆದುಕೊಂಡು ಹೋದೆವು. ಅದೇ ಘಾಟಿ, ಅಂಥದ್ದೇ ಮಳೆ. ವೈಪರು ನಿಂತಿದ್ದ ತಿರುವು ಬಂದಾಗ ಯಾರೂ ಮಾತಾಡಲಿಲ್ಲ, ಮೂವರ ಕಣ್ಣೂ ಗಾಜಿನ ಮೇಲೆಯೇ ಇತ್ತು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.