ಎಲುಬು, ಸ್ನಾಯು, ನರಗಳ ಕೂಡುಬಾಳು

ಮನುಷ್ಯನಿಗೆ ತನ್ನ ಶರೀರಕ್ಕಿಂತ ಹತ್ತಿರವಾದುದು ಬೇರೊಂದಿಲ್ಲ. ಅದರಷ್ಟು ಅಪರಿಚಿತವಾದುದೂ ಬೇರೊಂದಿಲ್ಲ. ಕೈ ಎತ್ತಬೇಕೆಂದರೆ ಕೈ ಏಳುತ್ತದೆ, ನಡೆಯಬೇಕೆಂದರೆ ಕಾಲು ನಡೆಯುತ್ತದೆ. ಎಲ್ಲವೂ ಸರಿಯಾಗಿರುವವರೆಗೆ ಅದರ ಹಿಂದೆ ಏನು ನಡೆದಿದೆ ಎಂದು ಯಾರೂ ಕೇಳುವುದಿಲ್ಲ. ಒಂದು ದಿನ ಕೈ ಏಳದೆ ಹೋದಾಗ ಮಾತ್ರ ಆ ಪ್ರಶ್ನೆ ಹುಟ್ಟುತ್ತದೆ.

ಉತ್ತರ ಕರ್ನಾಟಕದ ಒಂದು ಹಳ್ಳಿಯ ತಾಯಿಯೊಬ್ಬರಿಗೆ ಆ ದಿನ ಬಂದುದು 68ನೆಯ ವಯಸ್ಸಿನಲ್ಲಿ. ಐವತ್ತು ವರ್ಷ ಜೋಳದ ರೊಟ್ಟಿ ಬಡಿದು ಮನೆಯವರಿಗೂ ಬಂದವರಿಗೂ ಉಣಿಸಿದ ಕೈ ಅವರದು. ಸೊಸೆ ಬಂದು ಹದಿನೆಂಟು ವರ್ಷವಾಗಿದ್ದರೂ ಒಲೆಯ ಮುಂದಿನ ಜಾಗವನ್ನು ಅವರು ಬಿಟ್ಟುಕೊಟ್ಟಿರಲಿಲ್ಲ. "ಅಕಿ ರೊಟ್ಟಿ ದಪ್ಪ ಆಗತೈತಿ" ಎಂಬುದು ಅವರ ಮಾತಾಗಿತ್ತು. ಒಂದು ಮುಂಜಾನೆ ಹಿಟ್ಟಿಗೆ ಕೈಹಾಕಲು ಹೋದಾಗ ಬಲಗೈ ಏಳಲಿಲ್ಲ. ಬಾಯಿ ಸೊಟ್ಟಾಯಿತು, ಮಾತು ತೊದಲಿತು. ಮಗನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ದನು. ಮಿದುಳಿನ ಎಡಭಾಗದ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಾಗಿತ್ತು. ಜೀವ ಉಳಿಯಿತು, ದಿನ ಕಳೆದಂತೆ ಮಾತೂ ತಿಳಿಯಾಯಿತು. ಬಲಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿತು.

"ಅಜ್ಜಿ, ಎಲುಬು ಮುರದಿಲ್ಲ, ಗಾಯ ಆಗಿಲ್ಲ, ಮತ್ಯಾಕ ಕೈ ಏಳವಲ್ದು?" ಎಂದು ಶಾಲೆಗೆ ಹೋಗುವ ಮೊಮ್ಮಗನು ಕೇಳಿದನು. ಮಗುವಿನ ಪ್ರಶ್ನೆ ಸಣ್ಣದೇನೂ ಅಲ್ಲ.

ಬೆಳೆದ ಮನುಷ್ಯನ ಶರೀರದಲ್ಲಿ ಸಾಮಾನ್ಯವಾಗಿ 206 ಎಲುಬುಗಳಿವೆ. ಅವುಗಳಲ್ಲಿ ಒಂದೊಂದು ಹಸ್ತಕ್ಕೆ, ಮಣಿಕಟ್ಟೂ ಸೇರಿ, 27. ಎಲುಬು ಗಟ್ಟಿ, ಆದರೆ ತಾನಾಗಿ ಕದಲಲಾರದು. ಅದನ್ನು ಕದಲಿಸುವುದು ಸ್ನಾಯು. ಎಲುಬಿಗೆ ಅಂಟಿದ ಸ್ನಾಯುಗಳು 600ಕ್ಕೂ ಹೆಚ್ಚು. ಸ್ನಾಯುವಿಗೂ ಒಂದು ಮಿತಿಯಿದೆ: ಅದು ಎಳೆಯಬಲ್ಲದು, ತಳ್ಳಲಾರದು. ಆದುದರಿಂದಲೇ ಸ್ನಾಯುಗಳು ಜೋಡಿಯಾಗಿ ದುಡಿಯುತ್ತವೆ. ತೋಳಿನ ಮುಂಭಾಗದ ಸ್ನಾಯು ಎಳೆದರೆ ಮೊಳಕೈ ಮಡಚುತ್ತದೆ, ಹಿಂಭಾಗದ ಸ್ನಾಯು ಎಳೆದರೆ ಚಾಚುತ್ತದೆ. ಇನ್ನು ಬೆರಳುಗಳ ಸಂಗತಿ ಮತ್ತೂ ವಿಸ್ಮಯಕರ. ಬೆರಳನ್ನು ಮಡಚುವ ಸ್ನಾಯು ಬೆರಳಿನಲ್ಲಿಲ್ಲ. ಅದು ಮುಂಗೈಯಲ್ಲಿ, ಅಂಗೈಯಲ್ಲಿ ಕುಳಿತು ಸ್ನಾಯುರಜ್ಜು ಎಂಬ ಹುರಿಯಿಂದ ಬೆರಳನ್ನು ಎಳೆಯುತ್ತದೆ. ರೊಟ್ಟಿಯ ಮೇಲೆ ಕಾಣುವುದು ಬೆರಳು; ದುಡಿಯುವುದು ಕಾಣದ ಮತ್ತೊಂದು.

ಆ ಸ್ನಾಯುವಿಗೂ ಅಪ್ಪಣೆ ಬೇಕು. ಮಿದುಳಿನಿಂದ ಹೊರಟ ಸಂದೇಶ ಬೆನ್ನುಹುರಿಯನ್ನಿಳಿದು ನರದ ಮೂಲಕ ಸ್ನಾಯುವಿನ ಬಾಗಿಲಿಗೆ ಬರುತ್ತದೆ. ಅಲ್ಲಿ ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಹೊಮ್ಮಿದಾಗ ಸ್ನಾಯು ಸಂಕುಚಿಸುತ್ತದೆ. ಕೈ ಎಲ್ಲಿದೆ, ಎಷ್ಟು ಬಿಗಿದಿದೆ ಎಂಬ ವರದಿಯೂ ಬೇರೆ ನರಗಳ ಮೂಲಕ ಕ್ಷಣಕ್ಷಣವೂ ಮಿದುಳಿಗೆ ಮರಳುತ್ತದೆ. ಆ ವರದಿಯಿಲ್ಲದೆ ರೊಟ್ಟಿಗೆ ಎಷ್ಟು ಪೆಟ್ಟು ಬೇಕೆಂಬುದು ಕೈಗೆ ತಿಳಿಯದು.

ಇದರಲ್ಲಿ ಇನ್ನೂ ಒಂದು ಮರ್ಮವಿದೆ. ಒಂದು ಸ್ನಾಯು ಎಳೆಯುವಾಗ ಅದರ ಎದುರಿನ ಸ್ನಾಯು ಸಡಿಲಗೊಳ್ಳಬೇಕು. ಎರಡೂ ಹಟಹಿಡಿದು ಬಿಗಿದರೆ ಕೈ ಕದಲದು. ಒಂದಕ್ಕೆ "ಎಳೆ" ಎನ್ನುವ ನರವ್ಯವಸ್ಥೆಯೇ ಇನ್ನೊಂದಕ್ಕೆ "ಬಿಡು" ಎನ್ನುತ್ತದೆ. ಇದನ್ನು ಪ್ರಯೋಗಗಳಿಂದ ವಿವರವಾಗಿ ತೋರಿಸಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಪ್ರಮುಖರು. ನರಕೋಶಗಳ ಕಾರ್ಯವನ್ನು ಕುರಿತ ಶೋಧಗಳಿಗಾಗಿ 1932ರಲ್ಲಿ ಅವರಿಗೂ ಎಡ್ಗರ್ ಏಡ್ರಿಯನ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ಆ ತಾಯಿಯ ಎಲುಬು ಸರಿಯಿತ್ತು, ಸ್ನಾಯುವೂ ಸರಿಯಿತ್ತು. ಅಪ್ಪಣೆ ಹೊರಡುವ ಮನೆಗೆ ಪೆಟ್ಟಾಗಿತ್ತು. ವಾರಗಳು ಕಳೆದಂತೆ ಮೊಳಕೈ ಮಡಚಿ ಬಿಗಿಯತೊಡಗಿತು. "ಬಿಡು" ಎಂಬ ಮಾತೂ ಸರಿಯಾಗಿ ತಲುಪುತ್ತಿರಲಿಲ್ಲ. ಹಾಗೆಯೇ ಬಿಟ್ಟರೆ ದುಡಿಮೆಯಿಲ್ಲದ ಸ್ನಾಯು ಸೊರಗುತ್ತದೆ. ಸ್ನಾಯುವಿನ ಎಳೆತವಿಲ್ಲದ ಎಲುಬೂ ಕ್ರಮೇಣ ಸತ್ವ ಕಳೆದುಕೊಳ್ಳುತ್ತದೆ. ಒಂದರ ನೋವು ಮೂರರದೂ ಆಗುತ್ತದೆ.

ಪಟ್ಟಣದ ಫಿಸಿಯೋಥೆರಪಿಸ್ಟ್ ಸೊಸೆಗೆ ವ್ಯಾಯಾಮಗಳನ್ನು ಕಲಿಸಿದರು. ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟದಿದ್ದರೂ, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದರೆ ಉಳಿದ ಭಾಗಗಳು ಹೊಸ ದಾರಿ ಕಂಡುಕೊಳ್ಳಬಲ್ಲವು ಎಂದು ತಿಳಿಸಿದರು. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂಬ ಭರವಸೆಯನ್ನು ಅವರು ಕೊಡಲಿಲ್ಲ. ಅಂದಿನಿಂದ ಸೊಸೆಯು ದಿನವೂ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಿಟ್ಟಿನ ಉಂಡೆಯ ಮೇಲಿಟ್ಟು ತನ್ನ ಕೈಯಿಂದ ಒತ್ತಿಸತೊಡಗಿದಳು. ಮೊದಮೊದಲು ತಾಯಿ ಮುಖ ತಿರುಗಿಸಿ ಅತ್ತರು. ಬಿಗಿದ ಕೈಗಿಂತ ಬಿಗಿದ ಮನಸ್ಸನ್ನು ಸಡಿಲಿಸುವುದು ಅವರಿಗೆ ಕಷ್ಟವಾಯಿತು. ಮೂರನೆಯ ತಿಂಗಳು ಹೆಬ್ಬೆರಳು ಅಲುಗಿತು. ಎಂಟನೆಯ ತಿಂಗಳು ಒಂದು ರೊಟ್ಟಿ ಆಯಿತು: ದಪ್ಪ, ಒಂದು ಅಂಚು ಸೀಳಿತ್ತು. ಸೊಸೆ ಅದನ್ನು ಹೆಂಚಿನ ಮೇಲೆ ಹಾಕಿ ಬೇಯಿಸಿದಳು. "ಯವ್ವಾ, ಇದು ನನ್ನೊಬ್ಬಾಕಿ ರೊಟ್ಟಿ ಅಲ್ಲ, ನಿಂದೂ ಐತಿ" ಎಂದರು ಆ ತಾಯಿ. ಹದಿನೆಂಟು ವರ್ಷಗಳಲ್ಲಿ ಸೊಸೆ ಆ ಮಾತನ್ನು ಕೇಳಿದ್ದು ಅದೇ ಮೊದಲು.

ಕಾಯದಿಂದ ಆಗುವುದೇ ಕಾಯಕ. ಆದರೆ ಕಾಯದೊಳಗೆ "ನಾನು ಮಾಡಿದೆ" ಎನ್ನಲು ಯಾವ ಅಂಗಕ್ಕೂ ಅಧಿಕಾರವಿಲ್ಲ. ಎಲುಬು ಆಧಾರವಾಗುತ್ತದೆ, ಸ್ನಾಯು ಎಳೆಯುತ್ತದೆ, ನರ ಸುದ್ದಿ ಮುಟ್ಟಿಸುತ್ತದೆ. ಎಳೆಯುವುದಕ್ಕೊಂದು ಇದ್ದರೆ ಬಿಟ್ಟುಕೊಡುವುದಕ್ಕೊಂದು ಇದೆ. ಬಿಟ್ಟುಕೊಡುವುದೂ ಕೆಲಸವೇ ಎಂಬುದನ್ನು ಶರೀರವು ಹುಟ್ಟಿನಿಂದಲೇ ಬಲ್ಲದು. ಮನುಷ್ಯನು ಮಾತ್ರ ಅದನ್ನು ಕಲಿಯಬೇಕಾಗಿದೆ.